ಎಣ್ಣೆಗಿಂಡಿಯ ಕೆಂಪು ದೀಪ

ಮೋಟಾರು ಕಾರು ಈಗ ಶ್ರೀಮಂತರ ಮನೆಯ ಸೊತ್ತಾಗಿ ಮಾತ್ರ ಉಳಿದಿಲ್ಲ. ನಮ್ಮ ಭೇರ್ಯದಂತಹ ಊರುಗಳಲ್ಲಿಯೂ ಬತ್ತ ಬೆಳೆಯುವ ರೈತರು, ಅಂಗಡಿಯವರು, ಉಪಾಧ್ಯಾಯರು ಕಾರನ್ನಿಟ್ಟುಕೊಂಡಿದ್ದಾರೆ. ಗಾಡಿಯೇನೋ ಮನೆಗೆ ಬಂದಿತು. ಗಾಡಿಯ ಮಾತು ಮಾತ್ರ ಮನೆಯವರಿಗೆ ಇನ್ನೂ ಬಂದಿಲ್ಲ. ಚಾಲಕನ ಮುಂದಿನ ಫಲಕದಲ್ಲಿ ಬಗೆಬಗೆಯ ದೀಪಗಳುಂಟು. ಅವುಗಳಲ್ಲಿ ಎಣ್ಣೆಗಿಂಡಿಯ ಆಕಾರದ, ಮೂತಿಯಿಂದ ಒಂದು ತೊಟ್ಟು ಬೀಳುತ್ತಿರುವಂತೆ ಬರೆದ ಕೆಂಪು ದೀಪವೊಂದಿದೆ. ಅದರ ವಿಷಯವನ್ನು ಗೃಹಸ್ಥರಾದವರು ತಿಳಿದಿರತಕ್ಕದ್ದೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಇದನ್ನು ಪೆಟ್ರೋಲಿನ ಮುಳ್ಳಿನಂತೆಯೇ ಎಣಿಸುವವರು ಬಹಳ. ಪೆಟ್ರೋಲು ಮುಗಿಯುತ್ತ ಬಂದಿತೆಂದು ಮುಳ್ಳು ತೋರಿದ ಮೇಲೂ ಹಲವು ಮೈಲಿ ಸಾಗಬಹುದು. ಮುಗಿದರೆ ಗಾಡಿ ನಿಲ್ಲುವುದೇ ಹೊರತು ಕೆಡುವುದು ಕಡಿಮೆ. ಎಣ್ಣೆಯ ಕೆಂಪು ದೀಪ ಹಾಗಲ್ಲ. ಅದು ಎಷ್ಟು ಎಣ್ಣೆಯಿದೆಯೆಂದು ಹೇಳುವುದಿಲ್ಲ. ಎಣ್ಣೆಯ ಒತ್ತಡ ಬಿದ್ದುಹೋಗಿದೆಯೆಂದು ಹೇಳುತ್ತದೆ. ಸಾಮಾನ್ಯವಾಗಿ ಒತ್ತಡವು ಚದರಂಗುಲಕ್ಕೆ ಸುಮಾರು 5 ಪೌಂಡಿಗಿಂತ ಕೆಳಗಿಳಿದಾಗ ಅದು ಹತ್ತುವುದು. ಎಂದರೆ ಅದು ಮುಂದೆ ಬರುವ ಕಷ್ಟದ ಸೂಚನೆಯಲ್ಲ, ಬಂದಿರುವ ಕಷ್ಟದ ವಾರ್ತೆ.

ಒತ್ತಡವೇಕೆ ಬೇಕೆಂದು ಕೇಳಬಹುದು. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಶಬ್ದವಿದೆ, ಉಜ್ಜಿಕೊಳ್ಳುವ ಎರಡು ಲೋಹಗಳ ನಡುವೆ ಎಣ್ಣೆ ಮಾಡುವ ಉಪಕಾರವನ್ನು ನೋಡಿದರೆ ಅದು ಸಾರ್ಥಕವಾದ ಶಬ್ದ. ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದರು. (1909ರಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ ಬಂದುದು.) ಆದರೆ ಗಾಡಿಯ ಚಕ್ರ ಎತ್ತಿನ ನಡಿಗೆಗೆ ತಿರುಗುತ್ತದೆ. ಎಂಜಿನ್ನಿನ ಕ್ರ್ಯಾಂಕು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುವುದು. ಅದಕ್ಕೂ ಬೇರಿಂಗಿಗೂ ನಡುವಣ ಎಡೆ ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಆ ಎಡೆಯೊಳಕ್ಕೆ ಪಂಪು ಎಣ್ಣೆಯನ್ನು ಎಡೆಬಿಡದೆ ನೂಕುತ್ತಿರಬೇಕು. ಇಂಗ್ಲೆಂಡಿನಲ್ಲಿ 1883ರ ಸುಮಾರಿಗೆ ಬೋಶಾಂ ಟವರ್ ಎಂಬವರು ಬೇರಿಂಗೊಂದನ್ನು ಪರೀಕ್ಷಿಸುತ್ತಿದ್ದಾಗ, ಅದರ ತಲೆಯ ಮೇಲೆ ಕೊರೆದಿದ್ದ ರಂಧ್ರಕ್ಕೆ ಹೊಡೆದ ಮರದ ಬೆಣೆಯನ್ನು ಎಣ್ಣೆಯು ಹೊರಕ್ಕೆ ತಳ್ಳಿತಂತೆ. ತಿರುಗುವ ಅಚ್ಚು ಎಣ್ಣೆಯ ಪೊರೆಯ ಮೇಲೆ ತೇಲುತ್ತದೆಂದು ಹೀಗೆ ಗೊತ್ತಾಯಿತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಅವರು ಅದಕ್ಕೆ ಗಣಿತದ ಉಪಪತ್ತಿ ಕೊಟ್ಟರು. ಪೊರೆ ಹರಿದರೆ ಲೋಹ ಲೋಹವನ್ನು ತಿನ್ನುವುದು.

ಆದುದರಿಂದ ಓಡುತ್ತಿರುವಾಗ ಈ ದೀಪ ಹತ್ತಿ ಆರದಿದ್ದರೆ, ಅಪಾಯವಿಲ್ಲದ ಕಡೆ ರಸ್ತೆಯ ಅಂಚಿಗೆ ಸರಿದು ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ನಮ್ಮ ಸೀಮೆಯ ಗೃಹಸ್ಥರೊಬ್ಬರು ಮದುವೆಗೆಂದು ಹೊಳೆನರಸೀಪುರದ ಕಡೆಗೆ ಹೊರಟಿದ್ದಾಗ ಹೀಗಾಯಿತು. ಮುಹೂರ್ತ ಮೀರೀತೆಂಬ ಆತುರದಲ್ಲಿ, ಮುಂದಿನ ಊರಿನಲ್ಲಿ ನೋಡಿದರಾಯಿತೆಂದು ನಡೆಸಿದರು. ಊರು ಸಿಕ್ಕುವ ಮೊದಲೇ ಎಂಜಿನ್ನು ಕಟಕಟನೆ ಸದ್ದುಮಾಡಿ ಹಿಡಿದುಕೊಂಡಿತು. ಆದದ್ದೇನು? ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ ಹರಡಿ ಸುತ್ತಲೂ ಕಲ್ಲಿಡುತ್ತಾರಷ್ಟೆ. ಅಂತಹದೊಂದು ಕಲ್ಲು ತಳಕ್ಕೆ ಬಡಿದು, ಮೇಸ್ತ್ರಿಗಳು ಚೇಂಬರೆನ್ನುವ ಎಣ್ಣೆಯ ತೊಟ್ಟಿ ಸೀಳಿತ್ತು. ಸೀಳಿಗೆ ತಗಲುತ್ತಿದ್ದುದು ಅಲ್ಪ ಹಣ. ಎಂಜಿನ್ನಿಗೆ ಆ ವರ್ಷದ ಬತ್ತದ ಹಣವೆಲ್ಲ ಹೋಯಿತು.

ನಿಲ್ಲಿಸಿದ ಮೇಲೆ ನೋಡತಕ್ಕದ್ದು ಹೆಚ್ಚಿಲ್ಲ. ಸಮನೆಲದಲ್ಲಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ಕೆಂಬ ಅಳತೆಯ ಕಡ್ಡಿಯನ್ನೆಳೆದು, ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿದ್ದರೆ ಗಾಡಿಯಡಿಯಲ್ಲಿಯೂ ಬಂದ ದಾರಿಯಲ್ಲಿಯೂ ಸೋರಿದ ಗುರುತುಂಟೋ ಎಂದು ನೋಡಬೇಕು. ಸೋರಿಕೆಯಿಲ್ಲದಿದ್ದರೆ, ತಯಾರಕರು ಹೇಳಿದ ಎಣ್ಣೆಯನ್ನೇ ಗುರುತಿನವರೆಗೆ ತುಂಬಿ ಒಮ್ಮೆ ನಡೆಸಿ ನೋಡಬಹುದು; ಕೆಲವು ಕ್ಷಣಗಳಲ್ಲಿ ದೀಪ ಆರದಿದ್ದರೆ ನಿಲ್ಲಿಸಿ, ಎಳೆಯಿಸಿಕೊಂಡೇ ಹೋಗಬೇಕು. ಎಣ್ಣೆ ಮಜ್ಜಿಗೆಯ ಬಣ್ಣವಾಗಿದ್ದರೆ ನೀರು ಸೇರಿದೆ. ಮೇಲಿನ ಗುರುತನ್ನೂ ಮೀರಿ ಡೀಸೆಲ್ ವಾಸನೆ ಬಂದರೆ ಅದೂ ಕೆಡುಕೇ. 2020ರಿಂದೀಚಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಶೋಧಕವನ್ನು ಸುಟ್ಟು ಶುದ್ಧಿಮಾಡಲು ಹೆಚ್ಚಾಗಿ ಬಿಡುವ ಡೀಸೆಲ್ಲು, ಊರೊಳಗಿನ ಗಿಡ್ಡ ಓಡಾಟವೇ ಹೆಚ್ಚಾದರೆ, ಎಣ್ಣೆಗಿಳಿದು ಅದನ್ನು ತೆಳುಮಾಡುವುದುಂಟು. ಎಣ್ಣೆ ಹೆಚ್ಚಾಯಿತೆಂದು ಸಂತೋಷಪಡುವಂತಿಲ್ಲ.

ದೀಪ ಹತ್ತುವ ರೀತಿಯೇ ಅರ್ಧ ನಿದಾನವನ್ನು ಹೇಳುತ್ತದೆ. ತಿರುವಿನಲ್ಲಿ, ಬ್ರೇಕು ಹಾಕಿದಾಗ ಮಿನುಗಿದರೆ ಎಣ್ಣೆ ಕಡಿಮೆಯಾಗಿ ಪಂಪಿನ ಬಾಯಿಗೆ ಸಿಕ್ಕುತ್ತಿಲ್ಲ. ಎಂಜಿನ್ನು ಕಾದು ನಿಂತಲ್ಲೇ ತಿರುಗುತ್ತಿರುವಾಗ ಹತ್ತಿ, ಆಕ್ಸಿಲರೇಟರು ತುಳಿದೊಡನೆ ಆರಿದರೆ ಎಣ್ಣೆ ತೆಳುವಾಗಿರಬೇಕು, ಇಲ್ಲವೆ ಬೇರಿಂಗು ಸವೆದಿರಬೇಕು. ಡಬ್ಬಿಯ ಮೇಲಿನ ‘5ಡಬ್ಲ್ಯು-30’ ಮೊದಲಾದ ಅಂಕಿಗಳಲ್ಲಿ ಮೊದಲನೆಯದು ಚಳಿಯಲ್ಲಿನ, ಎರಡನೆಯದು ಕಾದಾಗಿನ ಗಟ್ಟಿತನದ ದರ್ಜೆ. ದೀಪವನ್ನು ಆರಿಸಲೆಂದೇ ಗಟ್ಟಿ ಎಣ್ಣೆ ಹಾಕಿಕೊಡುವ ಜಾಣರಿದ್ದಾರೆ. ಇದು ಜ್ವರಮಾಪಕವನ್ನು ತಣ್ಣೀರಿನಲ್ಲದ್ದಿ ಜ್ವರ ಇಳಿಯಿತೆಂದಂತೆ.

ಎಣ್ಣೆ ಸರಿಯಾಗಿದ್ದೂ ದೀಪ ಹತ್ತಿದರೆ ತಪ್ಪು ದೀಪದ್ದೇ ಇರಬಹುದು. ಒತ್ತಡವನ್ನರಿಯುವ ಚಿಕ್ಕ ಸ್ವಿಚ್ಚು ಕೆಡುವುದುಂಟು, ಅದರ ತಂತಿ ಮೈ ಸವೆದು ಲೋಹಕ್ಕೆ ತಾಗುವುದುಂಟು. ಇಲ್ಲಿಯೇ ಗೃಹಸ್ಥನು ಗಟ್ಟಿಯಾಗಿ ನಿಲ್ಲಬೇಕು. “ಎಂಜಿನ್ನು ಬಿಚ್ಚಬೇಕು ಸ್ವಾಮಿ” ಎಂದೊಡನೆ ಒಪ್ಪದೆ, “ಮೊದಲು ಗೇಜು ಹಾಕಿ ಅಳೆಯಿರಿ” ಎನ್ನಬೇಕು. ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಗೇಜನ್ನು ತಿರುಪಿ, ಎಂಜಿನ್ನು ಕಾದ ಮೇಲೆ, ನಿಧಾನದಲ್ಲೊಮ್ಮೆ, ಎರಡು ಸಾವಿರ ಸುತ್ತಿನಲ್ಲೊಮ್ಮೆ ಅಳೆದು, ತಯಾರಕರ ಪುಸ್ತಕದ ಅಂಕಿಗಳೊಡನೆ ತಾಳೆನೋಡಬೇಕು. ಸಾವಿರ ಸುತ್ತಿಗೆ 10 ಪೌಂಡೆಂಬ ಹಳೆಯ ಲೆಕ್ಕ ಸ್ಥೂಲವಾದುದು. ಒತ್ತಡ ಸರಿಯಿದ್ದರೆ ಸ್ವಿಚ್ಚನ್ನೋ ತಂತಿಯನ್ನೋ ಬದಲಾಯಿಸಿದರೆ ತೀರಿತು. ನಿಜವಾಗಿ ಕಡಿಮೆಯಿದ್ದರೆ ಸುಲಭವಾದುದರಿಂದ ಕಠಿನವಾದುದಕ್ಕೆ ಹೋಗಬೇಕು: ಎಣ್ಣೆ ಮತ್ತು ಶೋಧಕ, ಹೆಚ್ಚಿನ ಒತ್ತಡವನ್ನು ಬಿಡುವ ಕವಾಟ, ಚೇಂಬರಿನೊಳಗೆ ಮಡ್ಡಿ ಕಟ್ಟಿದ ಜರಡಿ, ಪಂಪು. ಬೇರಿಂಗಿನ ಸರದಿ ಕಡೆಯದು.

ಇನ್ನೊಂದು ಮಾತುಂಟು. ಬೀಗದ ಕೈ ತಿರುಗಿಸಿದಾಗ, ಎಂಜಿನ್ನು ಹೊರಡುವ ಮೊದಲು, ಸಾಮಾನ್ಯವಾಗಿ ಈ ದೀಪ ಹತ್ತಲೇಬೇಕು. ಹೊರಟ ಕೆಲವು ಕ್ಷಣಗಳಲ್ಲಿ ಆರಬೇಕು. ಹಿಂದೆಲ್ಲ ಹತ್ತುತ್ತಿದ್ದುದು ಒಂದು ಬೆಳಿಗ್ಗೆ ಹತ್ತದೆ ಹೋದರೆ ದೀಪವೋ ತಂತಿಯೋ ಸತ್ತಿರಬಹುದು. ಅದನ್ನೂ ಅಂದೇ ಸರಿಪಡಿಸಿಕೊಳ್ಳತಕ್ಕದ್ದು.