ಕರ್ನಾಟಕದಲ್ಲಿ ಮರಣದಂಡನೆ ಮತ್ತು ತಪ್ಪು ತೀರ್ಪಿನ ಅಪಾಯ

ಮರಣದಂಡನೆಯು ಭಾರತದ ನ್ಯಾಯಾಲಯಗಳು ವಿಧಿಸಬಹುದಾದ ಶಿಕ್ಷೆಗಳಲ್ಲಿ ಅತ್ಯಂತ ಕಠಿಣವಾದುದು. ಸೆರೆವಾಸದ ತೀರ್ಪು ತಪ್ಪೆಂದು ಮುಂದೆ ಸಿದ್ಧವಾದರೆ ಬಂಧಿಯನ್ನು ಬಿಡುಗಡೆ ಮಾಡಿ ಪರಿಹಾರ ನೀಡಬಹುದು. ಗಲ್ಲಿಗೇರಿಸಿದ ಬಳಿಕ ತಪ್ಪನ್ನು ತಿದ್ದುವ ಮಾರ್ಗವಿಲ್ಲ. ಈ ಕಾರಣದಿಂದ ಕಾನೂನು ಇಂತಹ ತೀರ್ಪನ್ನು ಹಲವು ಹಂತಗಳ ಪರಿಶೀಲನೆಗೆ ಒಳಪಡಿಸಿದೆ.

ಪರಿಶೀಲನೆಯ ಹಂತಗಳು

ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಂತೆ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದು. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಣದಂಡನೆಯನ್ನು 'ಅಪರೂಪದಲ್ಲಿ ಅಪರೂಪದ' ಪ್ರಕರಣಗಳಿಗೆ ಸೀಮಿತಗೊಳಿಸಿತು.

ಕಡೂರು, ತರೀಕೆರೆ ಅಥವಾ ಅಜ್ಜಂಪುರ ತಾಲ್ಲೂಕಿನಲ್ಲಿ ನಡೆದ ಕೊಲೆಯ ಮೊಕದ್ದಮೆಯನ್ನು ಮ್ಯಾಜಿಸ್ಟ್ರೇಟರು ಚಿಕ್ಕಮಗಳೂರು ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಮರಣದಂಡನೆಯಾದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 407ನೇ ಕಲಮಿನ ಪ್ರಕಾರ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ದೃಢೀಕರಿಸಬೇಕು. ಅಪರಾಧಿಯು ಮೇಲ್ಮನವಿ ಸಲ್ಲಿಸದಿದ್ದರೂ ಈ ಪರಿಶೀಲನೆ ನಡೆಯುತ್ತದೆ. ಉಚ್ಚ ನ್ಯಾಯಾಲಯವು ಹೆಚ್ಚಿನ ಸಾಕ್ಷ್ಯ ಪಡೆಯಬಹುದು, ಶಿಕ್ಷೆಯನ್ನು ಇಳಿಸಬಹುದು ಅಥವಾ ಖುಲಾಸೆಗೊಳಿಸಬಹುದು. ಅನಂತರ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹಾಗೂ ಪುನರ್ವಿಮರ್ಶೆಯ ಅರ್ಜಿ ಸಲ್ಲಿಸಲು ಅವಕಾಶವಿದೆ. ಸಂವಿಧಾನದ 161 ಮತ್ತು 72ನೇ ವಿಧಿಗಳಂತೆ ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಕ್ಷಮಾದಾನದ ಅಧಿಕಾರವಿದೆ. ಗಲ್ಲುಗಂಬವಿರುವ ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ರಾಜ್ಯದ ಹಲವು ಮರಣದಂಡಿತರನ್ನು ಇರಿಸಲಾಗಿದೆ.

ತಪ್ಪು ನುಸುಳುವ ಬಗೆ

ಗುರುತು ಹಿಡಿಯುವಲ್ಲಿ ಸಾಕ್ಷಿಗಳ ತಪ್ಪು, ಒತ್ತಡದಿಂದ ಪಡೆದ ತಪ್ಪೊಪ್ಪಿಗೆ, ದುರ್ಬಲವಾದ ವಿಧಿವಿಜ್ಞಾನ ಪರೀಕ್ಷೆ ಮತ್ತು ಬಡ ಆರೋಪಿಗೆ ಸಮರ್ಥ ವಕೀಲರು ದೊರೆಯದಿರುವುದು ಮುಖ್ಯ ಕಾರಣಗಳು. ಮೇಲಿನ ನ್ಯಾಯಾಲಯಗಳು ಬಹುಮಟ್ಟಿಗೆ ಕೆಳಗಿನ ನ್ಯಾಯಾಲಯದ ದಾಖಲೆಯನ್ನೇ ಆಧರಿಸುವುದರಿಂದ, ತನಿಖೆಯಲ್ಲಿ ಆದ ಲೋಪವು ಕೊನೆಯ ಹಂತದವರೆಗೂ ಸಾಗಬಲ್ಲದು.

ಕೊಡಗಿನ ಪ್ರಕರಣವೊಂದು ಇದಕ್ಕೆ ನಿದರ್ಶನ. 2020ರಲ್ಲಿ ಕಾಣೆಯಾದ ಮಹಿಳೆಯನ್ನು ಕೊಂದ ಆರೋಪದ ಮೇಲೆ ಆಕೆಯ ಪತಿಯನ್ನು ಬಂಧಿಸಲಾಯಿತು. ಮೈಸೂರು ಜಿಲ್ಲೆಯ ಬೆಟ್ಟದಪುರದ ಬಳಿ ದೊರೆತ ಅಸ್ಥಿಪಂಜರವು ಆಕೆಯದೆಂದು ಪರಿಗಣಿಸಲಾಗಿತ್ತು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯಲ್ಲಿ ಜೀವಂತವಾಗಿ ಪತ್ತೆಯಾದಳು. ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಪತಿಯನ್ನು ಮೈಸೂರಿನ ನ್ಯಾಯಾಲಯವು ಅದೇ ತಿಂಗಳು ಖುಲಾಸೆಗೊಳಿಸಿತು. ವಿಚಾರಣೆ ಮುಗಿದಿರಲಿಲ್ಲವಾದ್ದರಿಂದ ಶಿಕ್ಷೆಯ ಪ್ರಶ್ನೆ ಎದ್ದಿರಲಿಲ್ಲ; ಆದರೆ ಹೊರಿಸಿದ್ದ ಅಪರಾಧವು ಮರಣದಂಡನೆಗೆ ಅರ್ಹವಾದುದಾಗಿತ್ತು.

ಶಿಕ್ಷೆಯ ಬಳಿಕ ಬದಲಾದ ತೀರ್ಪುಗಳು

ನೆರೆಯ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆರು ಮಂದಿಗೆ ಮರಣದಂಡನೆ ವಿಧಿಸಿತು. 2019ರ ಮಾರ್ಚ್ 5ರಂದು ಅದೇ ನ್ಯಾಯಾಲಯವು ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ನಡುವಿನ ವರ್ಷಗಳಲ್ಲಿ ಶಿಕ್ಷೆ ಜಾರಿಯಾಗಿದ್ದಲ್ಲಿ ಈ ತೀರ್ಪಿಗೆ ಅರ್ಥವಿರುತ್ತಿರಲಿಲ್ಲ.

ಅಪರಾಧ ಸಾಬೀತಾದರೂ ಶಿಕ್ಷೆಯ ಪ್ರಮಾಣದಲ್ಲಿ ತಪ್ಪಾಗಬಹುದು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಮೃತಪಟ್ಟರು. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ನ್ಯಾಯಾಲಯವು 2001ರಲ್ಲಿ ಜೀವಾವಧಿ ಶಿಕ್ಷೆ ನೀಡಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮರಣದಂಡನೆಗೆ ಏರಿಸಿತು. 2013ರಲ್ಲಿ ಕ್ಷಮಾದಾನದ ಅರ್ಜಿಗಳು ತಿರಸ್ಕೃತವಾದವು. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದ ತೀರ್ಪಿನಲ್ಲಿ, ಅರ್ಜಿ ಇತ್ಯರ್ಥದ ದೀರ್ಘ ವಿಳಂಬವನ್ನು ಪರಿಗಣಿಸಿ ಅವರ ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಲಾಯಿತು.

ರಾಜಸ್ಥಾನದ ಇಬ್ಬರ ಪಾಲಿಗೆ ಇಂತಹ ತಿದ್ದುಪಡಿ ತಡವಾಯಿತು. ಅವರನ್ನು 1996 ಮತ್ತು 1997ರಲ್ಲಿ ಗಲ್ಲಿಗೇರಿಸಲಾಗಿತ್ತು. ಆ ಶಿಕ್ಷೆಗಳಿಗೆ ಆಧಾರವಾಗಿದ್ದ ತರ್ಕವು ಬಚನ್ ಸಿಂಗ್ ತೀರ್ಪಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿತು. 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಾಧೀಶರು ಈ ವಿಷಯವಾಗಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು.

ವಾದಗಳು

ಘೋರ ಅಪರಾಧಕ್ಕೆ ತಕ್ಕ ಪ್ರತೀಕಾರ ಹಾಗೂ ಸಂತ್ರಸ್ತ ಕುಟುಂಬಗಳಿಗೆ ನ್ಯಾಯ ದೊರೆಯಲು ಈ ಶಿಕ್ಷೆ ಅಗತ್ಯವೆಂದೂ, ಹಲವು ಹಂತಗಳ ಪರಿಶೀಲನೆಯೇ ಸಾಕಷ್ಟು ರಕ್ಷಣೆಯೆಂದೂ ಸಮರ್ಥಕರು ವಾದಿಸುತ್ತಾರೆ. ಮಾನವನಿರ್ಮಿತ ವ್ಯವಸ್ಥೆಯಲ್ಲಿ ತಪ್ಪನ್ನು ಪೂರ್ಣವಾಗಿ ನಿವಾರಿಸಲಾಗದು ಎಂಬುದು ವಿರೋಧಿಗಳ ನಿಲುವು. ಬ್ರಿಟನ್ನಿನಲ್ಲಿ 1950ರಲ್ಲಿ ಗಲ್ಲಿಗೇರಿದ ಟಿಮೊಥಿ ಇವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ದೊರೆತದ್ದು 1966ರಲ್ಲಿ. ಭಾರತದ ಕಾನೂನು ಆಯೋಗವು 2015ರ ತನ್ನ 262ನೇ ವರದಿಯಲ್ಲಿ, ಭಯೋತ್ಪಾದನೆಗೆ ಸಂಬಂಧಿಸಿದ ಅಪರಾಧಗಳು ಮತ್ತು ದೇಶದ ವಿರುದ್ಧ ಯುದ್ಧ ಸಾರುವುದನ್ನು ಬಿಟ್ಟು ಉಳಿದ ಅಪರಾಧಗಳಿಗೆ ಮರಣದಂಡನೆಯನ್ನು ರದ್ದುಪಡಿಸುವಂತೆ ಶಿಫಾರಸು ಮಾಡಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಈ ಶಿಕ್ಷೆಯನ್ನು ಉಳಿಸಿಕೊಂಡಿದೆ.