ರಾತ್ರಿಯ ಗಂಜಿಗೆ ಹೆದರಬೇಡಿ, ಮಧ್ಯಾಹ್ನದ ಪಾತ್ರೆಗೆ ಹೆದರಿ

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವ ಊರು ಜಾಲ್ಸೂರು. ಆಚೀಚೆಯ ಅಡಿಕೆ ತೋಟಗಳ ನಡುವಿನ ಎಷ್ಟೋ ಮನೆಗಳಲ್ಲಿ ಈಗ ರಾತ್ರಿ ಊಟಕ್ಕೆ ಕೂರುವವರು ಗಂಡ ಹೆಂಡತಿ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ. ರಜೆಗೆ ಅವರು ಬಂದರೆ ಮನೆ ತುಂಬುತ್ತದೆ, ಜತೆಗೆ ಮೊಬೈಲಿನ ಆರೋಗ್ಯ ಸಲಹೆಗಳೂ ಬರುತ್ತವೆ. ಅಮ್ಮ, ರಾತ್ರಿ ಅನ್ನ ಬೇಡ. ಅಪ್ಪಾ, ಮೊಸರು ಬಿಡಿ. ಇವುಗಳಲ್ಲಿ ಹೆಚ್ಚಿನವು ಹೆದರಬೇಕಾದ್ದನ್ನು ಬಿಟ್ಟು ಬೇರೆಯದಕ್ಕೆ ಹೆದರಿಸುತ್ತವೆ.

ಕುಚ್ಚಲಕ್ಕಿಯಿಂದಲೇ ಸುರು ಮಾಡೋಣ. ಅದು ಮೈಮುರಿದು ದುಡಿಯುವವರ ಅಕ್ಕಿ, ಕೂತವರಿಗೆ ಕರಗದು, ಸತ್ತ್ವವೆಲ್ಲ ಬಸಿದ ತೆಳಿಯಲ್ಲೇ ಹೋಗುತ್ತದೆ ಎನ್ನುವವರಿದ್ದಾರೆ. ಆದರೆ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಮಿಲ್ಲಿಗೆ ಹಾಕುವುದರಿಂದ ತವುಡಿನಲ್ಲಿರುವ ಬಿ ಗುಂಪಿನ ವಿಟಮಿನ್‌ಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ತವುಡು ಹೋದರೂ ಒಂದಷ್ಟು ಉಳಿದೇ ಉಳಿಯುತ್ತವೆ. ಇದು ನಮ್ಮೂರಿನ ಹೆಚ್ಚುಗಾರಿಕೆಯ ಮಾತಲ್ಲ. 1905ರ ಕೊನೆಯಲ್ಲಿ ಕ್ವಾಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯ ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಬಿಳಿ ಅಕ್ಕಿಯನ್ನೂ ಇನ್ನೊಂದಕ್ಕೆ ಇಂಡಿಯಾದಿಂದ ಬಂದ ಕುಚ್ಚಲಕ್ಕಿಯನ್ನೂ ಕೊಟ್ಟು ನೋಡಿದ. ಕಾಲು ಸೋಲುವ, ಹೃದಯ ಸೋಲುವ ಬೆರಿಬೆರಿ ರೋಗ ಬಿಳಿ ಅಕ್ಕಿ ಉಂಡವರ ಕಡೆ ಹಬ್ಬಿತು. ವಿಟಮಿನ್ ಎಂಬ ಹೆಸರೇ ಆಗಿನ್ನೂ ಹುಟ್ಟಿರಲಿಲ್ಲ.

ಹಾಗೆಂದು ಇನ್ನೊಂದು ತುದಿಗೂ ಹೋಗಬಾರದು. ಕುಚ್ಚಲಕ್ಕಿಯಾದರೆ ಸಕ್ಕರೆ ಕಾಯಿಲೆಯವರು ಎಷ್ಟು ಬಡಿಸಿಕೊಂಡರೂ ಅಡ್ಡಿಯಿಲ್ಲ ಎಂಬ ಮಾತು ಕೇಳಿದ್ದೇನೆ. ಅದು ಬೆಳ್ತಿಗೆಗಿಂತ, ಅಂದರೆ ಬಿಳಿ ಅಕ್ಕಿಗಿಂತ, ಸ್ವಲ್ಪ ನಿಧಾನಕ್ಕೆ ರಕ್ತದ ಸಕ್ಕರೆ ಏರಿಸುತ್ತದೆ, ಅಷ್ಟೇ; ಗಂಜಿ ಮೆತ್ತಗೆ ಬೆಂದಷ್ಟೂ ಆ ವ್ಯತ್ಯಾಸವೂ ಕರಗುತ್ತದೆ. ರಾತ್ರಿ ಅನ್ನ ಉಂಡರೆ ಬೊಜ್ಜು, ಚಪಾತಿಯಾದರೆ ಇಲ್ಲ ಎಂಬುದಕ್ಕೂ ಆಧಾರವಿಲ್ಲ. 100 ಗ್ರಾಂ ಅಕ್ಕಿಯಲ್ಲೂ ಅಷ್ಟೇ ತೂಕದ ಗೋಧಿ ಹಿಟ್ಟಿನಲ್ಲೂ ಸುಮಾರು 350 ಕ್ಯಾಲೊರಿ. ಗಡಿಯಾರಕ್ಕಿಂತ ಬಟ್ಟಲಿನ ಅಳತೆ ಮುಖ್ಯ. ಒಂದು ಕುಡ್ತೆ ಅಕ್ಕಿ ಗಂಜಿಯಾದರೆ ಇಬ್ಬರ ಹೊಟ್ಟೆ ತುಂಬುತ್ತದೆ. ಅದೇ ಅಕ್ಕಿ ಬಸಿದ ಅನ್ನವಾದರೆ ಇನ್ನೊಂದು ಸೌಟು ಬೇಕೆನಿಸುವುದು ಸಹಜ.

ಗಂಜಿಯ ಜೊತೆಗೆ ತಿಮರೆ ತಂಬುಳಿ. ಒಂದು ಹಿಡಿ ಎಲೆಯನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಇಬ್ಬರಿಗೆ ಅಡುಗೆ ಮಾಡುವುದು ದಂಡ ಎನ್ನುವವರು ಇದನ್ನು ಮಾಡಿ ನೋಡಬೇಕು. ತಿಮರೆ, ಅಂದರೆ ಒಂದೆಲಗ, ತಿಂದರೆ ಮಕ್ಕಳಿಗೆ ಬುದ್ಧಿ ಹೆಚ್ಚುತ್ತದೆ ಎಂಬುದು ಸಾಬೀತಾಗಿಲ್ಲ. ರುಚಿಗಾಗಿ ತಿನ್ನೋಣ, ಪರೀಕ್ಷೆಯ ಅಂಕ ಓದಿನಿಂದಲೇ ಬರಲಿ.

ಮಜ್ಜಿಗೆ ಎಂದ ಕೂಡಲೇ ಮೀನಿನ ಮಾತು ಬರುತ್ತದೆ. ಮೀನು ತಿಂದ ಮೇಲೆ ಹಾಲು, ಮೊಸರು ಮುಟ್ಟಿದರೆ ತೊನ್ನು ಬರುತ್ತದಂತೆ. ತೊನ್ನು ಬರುವುದು ದೇಹದ ರೋಗನಿರೋಧಕ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಾಶ ಮಾಡುವುದರಿಂದ. ಊಟದ ಜೋಡಣೆಗೂ ಅದಕ್ಕೂ ಸಂಬಂಧವಿಲ್ಲ. ಬಂಗಾಳದವರು ಮೀನನ್ನು ಮೊಸರಿನಲ್ಲೇ ಬೇಯಿಸಿ ಉಣ್ಣುತ್ತಾರೆ. ಈ ನಂಬಿಕೆಯ ಕೆಟ್ಟ ಮುಖ ಬೇರೆಯೇ ಇದೆ: ತೊನ್ನು ಇರುವವರನ್ನು ನೋಡಿ ಏನೋ ತಿನ್ನಬಾರದ್ದು ತಿಂದಿದ್ದಾರೆ ಎಂದು ಜನ ಮಾತಾಡುತ್ತಾರೆ, ಸಂಬಂಧಗಳು ಮುರಿಯುತ್ತವೆ. ರಾತ್ರಿ ಮೊಸರಿನಿಂದ ಶೀತ ಎಂಬುದೂ ಹೀಗೆಯೇ. ಶೀತ ತರುವುದು ವೈರಸ್, ಮೊಸರಲ್ಲ.

ಮೀನಿನ ವಿಷಯದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಬೇರೆಡೆ. ಜಾಲ್ಸೂರು, ಸುಳ್ಯದ ಕಡೆಗೆ ಬಂಗುಡೆ ಬರುವುದು ಮಂಗಳೂರಿನ ದಕ್ಕೆಯಿಂದ ಪುತ್ತೂರು ದಾಟಿ, ಇಲ್ಲವೇ ಕಾಸರಗೋಡಿನಿಂದ ಮುಳ್ಳೇರಿಯದ ಮೇಲಾಗಿ. ದಾರಿಯಲ್ಲಿ ಐಸು ಕರಗಿದರೆ ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಬ್ಯಾಕ್ಟೀರಿಯಾಗಳು ಹಿಸ್ಟಮೀನ್ ಎಂಬ ವಸ್ತುವನ್ನು ಹುಟ್ಟಿಸುತ್ತವೆ. ಖಾರ ಹಚ್ಚಿ ಕೆಂಪಗೆ ಕಾಯಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ಧೈರ್ಯ ಇಲ್ಲಿ ಕೈಕೊಡುತ್ತದೆ. ಹಿಸ್ಟಮೀನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಫ್ರೀಜರಿನಲ್ಲಿಟ್ಟರೂ ಹೋಗದು. ಉಂಡು ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ನೋಯತೊಡಗಿದರೆ ನಮಗೆ ಮೀನು ಆಗುವುದಿಲ್ಲ ಎಂದು ತೀರ್ಮಾನಿಸಿ ಜನ್ಮಕ್ಕೆ ಮೀನು ಬಿಟ್ಟವರೂ ಇದ್ದಾರು. ಹಲವು ಸಲ ತಪ್ಪು ಮೀನಿನದಲ್ಲ, ಐಸಿನದು. ಕಿವಿರು ಕೆಂಪಗಿದೆಯೇ, ಒತ್ತಿದರೆ ಗಟ್ಟಿಯಿದೆಯೇ ಎಂದು ನೋಡಿ ಕೊಳ್ಳಬೇಕು. ಐಸಿಲ್ಲದ ಬುಟ್ಟಿಯಿಂದ ಕೊಳ್ಳಲೇಬಾರದು. ವಾಸನೆಯನ್ನು ಮಾತ್ರ ನಂಬಿದರೆ ಸಾಲದು.

ಅನ್ನದ ಕತೆಯೂ ಇದೇ. ಮಧ್ಯಾಹ್ನದ್ದು ಇದೆ, ರಾತ್ರಿ ಬಿಸಿ ಮಾಡಿದರೆ ಆಯಿತು: ಇಬ್ಬರೇ ಇರುವ ಮನೆಯ ನಿತ್ಯದ ಮಾತು ಇದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ಬೇಯಿಸಿದರೂ ಅವು ಸಾಯವು. ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತಾಗ ಮೊಳೆತು ವಾಂತಿ ತರಿಸುವ ವಿಷ ಬಿಡುತ್ತವೆ, ಆ ವಿಷವನ್ನು ಎರಡನೇ ಬಿಸಿ ನಾಶ ಮಾಡದು. ಆದ್ದರಿಂದ ಉಳಿದ ಅನ್ನವನ್ನು ಅಗಲ ಪಾತ್ರೆಗೆ ಹರಡಿ, ಹಬೆ ಆರಿದ ಕೂಡಲೇ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಪೂರ್ತಿ ತಣಿಯುವವರೆಗೆ ಫ್ರಿಜ್ಜಿಗೆ ಇಡಬಾರದು ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿ ಅನ್ನವನ್ನು ಸಂಜೆಯವರೆಗೂ ಹೊರಗೇ ಕೂರಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಫ್ರಿಜ್ಜು ಬರೀ ಕಪಾಟಾದ ದಿನ ಹಿಡಿ ಅಕ್ಕಿ ಹೊಸದಾಗಿ ಬೇಯಿಸುವುದೇ ಲೇಸು.

ಉಳಿದ ಪದಾರ್ಥದ ವಿಷಯದಲ್ಲಿ ಹಿರಿಯರ ಲೆಕ್ಕ ಸರಿಯಿತ್ತು. ತೆಂಗಿನಕಾಯಿ ಅರೆದ ಕೊದಿಲು, ಅಂದರೆ ಸಾಂಬಾರು, ಬೇಗ ಹಳಸುತ್ತದೆ, ಕಾಯಿ ಹಾಕದ ಬೋಳು ಕೊದಿಲು ಹುಳಿ ಜೋರಿದ್ದರೆ ಮರುದಿನಕ್ಕೂ ತಾಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಕಷ್ಟ.

ತೆಂಗಿನೆಣ್ಣೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ಎರಡೇ ಮಾತು ಸಾಕು. ಅದರಲ್ಲಿ ಕೊಲೆಸ್ಟರಾಲ್ ಇಲ್ಲ, ಯಾವ ಸಸ್ಯದ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಆದರೆ ಅದರ ಕೊಬ್ಬಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಸ್ಯಾಚುರೇಟೆಡ್ ಜಾತಿಯದು, ಅದು ನಮ್ಮ ರಕ್ತದ ಕೆಟ್ಟ ಕೊಲೆಸ್ಟರಾಲ್ ಏರಿಸುತ್ತದೆ. ಒಗ್ಗರಣೆಗೆ ಒಂದು ಚಮಚ ಸರಿ, ಔಷಧವೆಂದು ದಿನಾ ಕುಡಿಯುವುದು ತಪ್ಪು.

ಗಂಜಿ ಊಟದಲ್ಲಿ ನಿಜವಾಗಿ ಭಾರವಾದದ್ದು ಉಪ್ಪು, ಅದರ ಬಗ್ಗೆಯೇ ಯಾರೂ ಮಾತಾಡುವುದಿಲ್ಲ. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಿಡಿ ಉಪ್ಪಿನಕಾಯಿ, ಉಪ್ಪು ಸೊಳೆ, ಒಣಮೀನು ಚಟ್ನಿ ಎಲ್ಲ ಆ ಚಮಚದೊಳಗೇ ಬರಬೇಕು. ಸೈಂಧವ ಲವಣ ತಿಂದರೆ ಬಿಪಿ ಏರದು ಎಂಬುದೂ ಸುಳ್ಳು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಮೇಲಾಗಿ ಬೆರೆಸದಿದ್ದರೆ ಅದರಲ್ಲಿ ಬೇಕಾದಷ್ಟು ಅಯೋಡಿನ್ ಇರುವುದಿಲ್ಲ. ಒಣಮೀನು ಚಟ್ನಿ ಮಾಡಿದ ದಿನ ಗಂಜಿಗೆ ಬೇರೆ ಉಪ್ಪು ಹಾಕುವುದು ಬೇಡ.