ಕಾವೇರಿಯ ಬಿಳಿಮೀನು: ಹೆಸರು ಮತ್ತು ಉಳಿವು

ನದಿಯ ಅಧ್ಯಯನವೆಂದರೆ ನೀರಿನ ಪ್ರಮಾಣ, ಅಣೆಕಟ್ಟು ಹಾಗೂ ಹಂಚಿಕೆಗಳ ಅಧ್ಯಯನವೆಂಬ ರೂಢಿ ನಮ್ಮಲ್ಲಿ ಬೆಳೆದುಬಂದಿದೆ. ಕಾವೇರಿಯ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜ. ಆ ನೀರಿನಲ್ಲಿಯೇ ಬದುಕುವ ಜೀವಿಗಳು ಚರ್ಚೆಯ ಅಂಚಿನಲ್ಲಿ ಉಳಿದಿವೆ. ಅವುಗಳಲ್ಲಿ ಒಂದಾದ ಗೂನುಬೆನ್ನಿನ ಮಹಶೀರ್ ಮೀನಿನ ಸ್ಥಿತಿಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಾವೇರಿ ತೀರದ ಬೆಸ್ತರು ಮಹಶೀರನ್ನು 'ಬಿಳಿಮೀನು' ಎಂದು ಕರೆಯುತ್ತಾರೆ. ಗೆಂಡೆಮೀನಿನ ಕುಲಕ್ಕೆ ಸೇರಿದ ಇದು ದೊಡ್ಡ ಹುರುಪೆಗಳುಳ್ಳ ಬಲಿಷ್ಠ ಮೀನು. ಎಚ್.ಎಸ್. ಥಾಮಸ್ 1873ರಲ್ಲಿ ಪ್ರಕಟಿಸಿದ ಗಾಳದ ಬೇಟೆಯ ಗ್ರಂಥದಿಂದ ಇದರ ಕೀರ್ತಿ ಹೊರದೇಶಗಳಿಗೂ ಹಬ್ಬಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು.

ಈ ಮೀನಿನ ಬಾಳು ನದಿಯ ಋತುಮಾನಕ್ಕೆ ಹೊಂದಿಕೊಂಡಿದೆ. ಆಮ್ಲಜನಕ ಸಮೃದ್ಧವಾಗಿರುವ, ಕಲ್ಲುಬಂಡೆಗಳ ನಡುವೆ ರಭಸದಿಂದ ಹರಿಯುವ ನೀರು ಅದಕ್ಕೆ ಬೇಕು. ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಅದು ಆಳವಾದ ಮಡುಗಳನ್ನು ಆಶ್ರಯಿಸುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಪ್ರವಾಹಕ್ಕೆ ಎದುರಾಗಿ ಈಜಿ, ನೊರಜುಗಲ್ಲಿನ ತಳವಿರುವೆಡೆ ಮೊಟ್ಟೆಯಿಡುತ್ತದೆ. ಏಡಿ, ಶಂಖದ ಹುಳು, ಸಣ್ಣ ಮೀನುಗಳಲ್ಲದೆ ದಡದ ಮರಗಳಿಂದ ಉದುರುವ ಹಣ್ಣುಗಳೂ ಅದರ ಆಹಾರ. ಆದುದರಿಂದ ಮಡು, ಮರಳು, ದಡದ ಮರ, ಮುಂಗಾರಿನ ಹರಿವು ಇವುಗಳಲ್ಲಿ ಯಾವುದೊಂದು ಕೆಟ್ಟರೂ ಅದರ ಜೀವನಚಕ್ರ ತುಂಡಾಗುತ್ತದೆ. ಅಣೆಕಟ್ಟುಗಳು ವಲಸೆಯ ದಾರಿಯನ್ನು ಮುಚ್ಚಿವೆ. ಮರಳು ಗಣಿಗಾರಿಕೆಯು ನದಿಯ ತಳವನ್ನೇ ಕೆಡಿಸುತ್ತದೆ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ನಿಷೇಧಿಸಿದ್ದರೂ ಆ ಪದ್ಧತಿ ಅಳಿದಿಲ್ಲ.

ಇವುಗಳಿಗಿಂತ ಸೂಕ್ಷ್ಮವಾದ ಇನ್ನೊಂದು ಕಾರಣವಿದೆ. ಮಹಾರಾಷ್ಟ್ರದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರಿನ ಕೃತಕ ಸಂತಾನೋತ್ಪತ್ತಿ ನಡೆದು, ಮರಿಗಳನ್ನು ದೇಶದ ಅನೇಕ ಜಲಾಶಯಗಳಿಗೆ ಹಾಗೂ ನದಿಗಳಿಗೆ ಬಿಡಲಾಯಿತು. ಈ ಪ್ರಭೇದವನ್ನು 1839ರಲ್ಲಿ ಸೈಕ್ಸ್ ವರ್ಣಿಸಿದ್ದು ಪುಣೆಯ ಮುಳಾ-ಮುಠಾ ನದಿಯಿಂದ. ಅದು ಕೃಷ್ಣಾ ಕೊಳ್ಳದ ಮೀನು. ಸಂರಕ್ಷಣೆಯ ಸದುದ್ದೇಶದಿಂದಲೇ ಅದು ಕಾವೇರಿಗೂ ಬಂದಿತು. ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕುವವರು ಮೀನು ಹಿಡಿದು, ತೂಕ ಬರೆದಿಟ್ಟು, ಮತ್ತೆ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಅದರಂತೆ ನೀಲಿ ರೆಕ್ಕೆಯ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಿತ್ತು. ಗೂನುಬೆನ್ನಿನದು ವಿರಳವಾಗುತ್ತ, ಸಿಕ್ಕವು ಮಾತ್ರ ತೂಕದಲ್ಲಿ ದೊಡ್ಡವಾಗುತ್ತ ಹೋಗಿದ್ದವು. ದೊಡ್ಡ ಮೀನು ಸಿಕ್ಕುವುದು ಮೇಲ್ನೋಟಕ್ಕೆ ಶುಭಸೂಚನೆ. ವಾಸ್ತವವಾಗಿ ಅದು ಮುಪ್ಪಿನ ಲಕ್ಷಣ. ಹಳೆಯವು ಬೆಳೆಯುತ್ತಿವೆ, ಹೊಸ ಮರಿಗಳು ಸೇರುತ್ತಿಲ್ಲ ಎಂಬುದು ಅದರ ಅರ್ಥ. ಎರಡನ್ನೂ 'ಮಹಶೀರ್' ಎಂಬ ಒಂದೇ ಹೆಸರಿನಡಿ ಎಣಿಸಿದವರಿಗೆ ಈ ನಷ್ಟ ಕಾಣಿಸದು.

ಹೆಸರಿನ ಪ್ರಶ್ನೆ ಇಲ್ಲಿ ಗೌಣವಲ್ಲ. ಒಂದೂವರೆ ಶತಮಾನದ ಕಾಲ ಪ್ರಖ್ಯಾತವಾಗಿದ್ದರೂ ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ನಾಮವಿರಲಿಲ್ಲ. ಬೇರೆ ಮೀನಿಗೆ ಸಲ್ಲಬೇಕಾದ 'ಮುಸ್ಸುಲ್ಲಾ' ಎಂಬ ನಾಮವನ್ನು ಅದಕ್ಕೆ ಅಂಟಿಸಲಾಗಿತ್ತು. ಕೇರಳದ ಪಾಂಬಾರ್ ನದಿಯಿಂದ ವರ್ಣಿತವಾಗಿದ್ದ 'ಟಾರ್ ರೆಮದೇವಿಯೈ' ಎಂಬ ಪ್ರಭೇದವೂ ಇದೂ ಒಂದೇ ಎಂದು 2018ರಲ್ಲಿ ಸ್ಥಾಪಿತವಾಯಿತು. ಮತ್ಸ್ಯತಜ್ಞೆ ಕೆ. ರೆಮಾದೇವಿಯವರ ಗೌರವಾರ್ಥವಾಗಿ ಇಟ್ಟ ಹೆಸರಿದು. ನಾಮ ನಿಶ್ಚಿತವಾದ ಮೇಲೆಯೇ, ಅದೇ ವರ್ಷ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು 'ತೀವ್ರ ಅಪಾಯಕ್ಕೊಳಗಾದ' ಪ್ರಭೇದವಾಗಿ ಸೇರಿತು. ಪಾಂಬಾರ್ ಹಾಗೂ ಮೋಯಾರ್ ಎರಡೂ ಕಾವೇರಿಯ ಕೊಳ್ಳಕ್ಕೇ ಸೇರಿದವು. ಕರ್ನಾಟಕ, ಕೇರಳ, ತಮಿಳುನಾಡುಗಳ ಗಡಿ ಈ ಮೀನಿಗೆ ತಿಳಿಯದು.

ನಮ್ಮ ನಾಡಿನಲ್ಲಿ ರಕ್ಷಣೆಯ ಪರಂಪರೆಯೇ ಇಲ್ಲವೆಂದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನೂ 'ದೇವರ ಮೀನು'ಗಳೆಂದು ಜನ ಕಾಯ್ದುಕೊಂಡು ಬಂದಿದ್ದಾರೆ. ಆದರೆ ಶಿಶಿಲದಲ್ಲಿ 1996ರಲ್ಲಿ ನೀರಿಗೆ ವಿಷ ಬೆರೆತು ಅಸಂಖ್ಯ ಮೀನುಗಳು ಸತ್ತುದು, ಒಂದು ಮಡುವಿನ ಭಕ್ತಿಯೊಂದೇ ಸಾಲದೆಂಬುದಕ್ಕೆ ನಿದರ್ಶನ. ಮಡುವಿನೊಡನೆ ಅದಕ್ಕೆ ಹರಿದುಬರುವ ಹೊಳೆಯೂ ರಕ್ಷಿತವಾಗಬೇಕು.

ಇಷ್ಟರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು, ಮರಿ ಬಿಡುವ ಮುನ್ನ ಅದು ಯಾವ ಕೊಳ್ಳದ್ದೆಂದು ನಿರ್ಧರಿಸುವುದು. ಎರಡನೆಯದು ಭಾಷೆಗೆ ಸಂಬಂಧಿಸಿದ್ದು. ಬೆಸ್ತರ ನುಡಿಯಲ್ಲಿ ಮೀನಿನ ಬಣ್ಣ, ವಯಸ್ಸು, ನೆಲೆಗಳನ್ನು ಸೂಚಿಸುವ ಹೆಸರುಗಳನ್ನು ಕನ್ನಡ, ತುಳು, ಕೊಡವ, ತಮಿಳುಗಳಲ್ಲಿ ಹೋಲಿಸಿ ಸಂಗ್ರಹಿಸಬೇಕು. ಚೆನ್ನೈ, ಪುಣೆಗಳಲ್ಲಿರುವ ಕನ್ನಡ ಸಂಶೋಧಕರು ನದಿಯ ಕೆಳಹರಿವಿಗೂ ನೆರೆಯ ಕೊಳ್ಳಕ್ಕೂ ಸಮೀಪದಲ್ಲಿರುವುದರಿಂದ ಈ ಕಾರ್ಯಕ್ಕೆ ಅನುಕೂಲ ಹೆಚ್ಚು. ಮಡುವಿನಿಂದ ಮೀನು ಮರೆಯಾದ ಒಂದೆರಡು ತಲೆಮಾರಿನೊಳಗೆ ಅದರ ಹೆಸರೂ ಮರೆತುಹೋಗುತ್ತದೆ. ಆಮೇಲೆ ಕಳೆದುದೇನೆಂದು ಕೇಳುವುದಕ್ಕೂ ನಮ್ಮಲ್ಲಿ ಪದವಿರುವುದಿಲ್ಲ.